ಇಸ್ತ್ರಿಪೆಟ್ಟಿಗೆಯೊಳಗಿನ ಬಿಳಿ ಪುಡಿ

ಟೈಲರಕ್ಕ ನೆಲದ ಮೇಲೆ ಬಿದ್ದಿದ್ದಳು. ಬಲಗೈ ಇನ್ನೂ ಇಸ್ತ್ರಿಪೆಟ್ಟಿಗೆಯ ಹಿಡಿ ಬಿಟ್ಟಿರಲಿಲ್ಲ. ಗಂಡ ಓಡಿಬಂದು ಮೊದಲು ಪ್ಲಗ್ ಕಿತ್ತ, ಆಮೇಲೆ ಕಿರುಚಿದ.

ಆ ಉಗಿ ಇಸ್ತ್ರಿಪೆಟ್ಟಿಗೆ ಮನೆಗೆ ಬಂದು ಮೂರೇ ದಿನವಾಗಿತ್ತು. ಅಕ್ಕನ ಜೀವವೇನೋ ಉಳಿಯಿತು. ಮೂರು ಬೆರಳು ಮಾತ್ರ ಸುಟ್ಟು ಸೆಟೆದುಕೊಂಡವು. ಕತ್ತರಿ ಹಿಡಿದು ಬದುಕುವವಳಿಗೆ ಅದೇನು ಸಣ್ಣ ಮಾತೇ?

* * *

ಅಕ್ಕನ ದೂರಿನ ಮೇಲೆ ಗ್ರಾಹಕ ರಕ್ಷಣಾ ಕಚೇರಿಯ ತನಿಖಾಧಿಕಾರಿಣಿ ಇಸ್ತ್ರಿಪೆಟ್ಟಿಗೆ, ರಟ್ಟಿನ ಡಬ್ಬ, ರಸೀದಿ ಮೂರನ್ನೂ ಹೊತ್ತುಕೊಂಡು ಅಂಗಡಿಗೆ ಹೋದಳು. ಗೋಡೆಯ ಮೇಲೆ ದೊಡ್ಡ ಬೋರ್ಡು: 'ಮಾರಿದ ಮಾಲನ್ನು ಬದಲಾಯಿಸಿಕೊಡುವುದಿಲ್ಲ.' ಕೆಟ್ಟ ಮಾಲು ಮಾರಿದವನನ್ನು ಅಂಥ ಬೋರ್ಡು ಕಾಪಾಡುವುದಿಲ್ಲ. ಆದರೂ ಎಲ್ಲರೂ ತಗುಲಿಹಾಕುತ್ತಾರೆ, ಜನ ಓದಿ ಸುಮ್ಮನಾಗುತ್ತಾರೆ. ಅವಳಿಗೆ ಮೈಯೆಲ್ಲ ಉರಿಯಿತು.

ಅಂಗಡಿಯವನು ಸಾವಧಾನವಾಗಿ ಪೆಟ್ಟಿಗೆಯನ್ನು ಮಗುಚಿದ. ಅದರ ತಳದ ನಂಬರೇ ಬೇರೆ, ಡಬ್ಬ ಮತ್ತು ರಸೀದಿಯ ನಂಬರೇ ಬೇರೆ.

"ಇದು ನಾನು ಮಾರಿದ್ದಲ್ಲ, ಮೇಡಂ. ಸ್ಕ್ರೂ ನೋಡಿ, ಬಿಚ್ಚಿ ಹಾಕಿದ್ದಾರೆ. ಆಕೆ ಗಂಡ ಏನು ಕೆಲಸ ಮಾಡ್ತಾನೆ ಅಂತ ಸ್ವಲ್ಪ ವಿಚಾರಿಸಿ."

ಸುಟ್ಟ ಪೆಟ್ಟಿಗೆ ಹಿಡಿದು ಅಧಿಕಾರಿಣಿಯ ಕೈಗೆಲ್ಲ ಮಸಿ ಮೆತ್ತಿತ್ತು. ತೊಳೆಯಲು ಅಂಗಡಿಯ ನಲ್ಲಿ ತಿರುಗಿಸಿದರೆ ಎಳೆಯಷ್ಟೇ ನೀರು. ನಲ್ಲಿಯ ಬಾಯಿಗೆ ಬಿಳಿ ಕಟ್ಟಿತ್ತು. ಬೋರ್‌ವೆಲ್ಲಿನ ಉಪ್ಪುನೀರು, ಮೇಲಿರುವ ತನ್ನ ಮನೆಯಲ್ಲೂ ಇದೇ ಗೋಳು ಎಂದು ಅಂಗಡಿಯವನು ಗೊಣಗಿದ.

* * *

ಅಕ್ಕನ ಗಂಡ ಮಾಡುತ್ತಿದ್ದುದು ರಿಪೇರಿ ಕೆಲಸವೇ. ಮನೆಯ ಮೂಲೆಯಲ್ಲಿ ಹಳೇ ಇಸ್ತ್ರಿಪೆಟ್ಟಿಗೆಗಳ ಗುಡ್ಡೆ. ಹೊಸ ಪೆಟ್ಟಿಗೆ ಬಿಚ್ಚಿದ್ದಿರಾ ಎಂದು ಅಧಿಕಾರಿಣಿ ಕೇಳಿದಳು.

"ನಾನು ಅದನ್ನ ಮುಟ್ಟೇ ಇಲ್ಲ. ವಾರಂಟಿ ಹೋಗುತ್ತೆ, ಕೈ ಹಚ್ಚಬೇಡ ಅಂತ ಅವಳೇ ಹೇಳಿದ್ದಳು," ಎಂದ.

ಆಸ್ಪತ್ರೆಯಲ್ಲಿ ಯಾರಾದರೂ ಗಂಡನ ಹೆಸರೆತ್ತಿದರೆ ಅಕ್ಕ ಗೋಡೆಯತ್ತ ತಿರುಗುತ್ತಿದ್ದಳು. ಹಿಂದೊಮ್ಮೆ ಅವಳ ಹೊಲಿಗೆ ಯಂತ್ರಕ್ಕೆ ಹಳೇ ಮೋಟಾರು ಕೂರಿಸಿ ಹೊಸದು ಎಂದಿದ್ದನಂತೆ ಪುಣ್ಯಾತ್ಮ. ಈಗ ಅವನ ಮಾತನ್ನು ಯಾರು ನಂಬಬೇಕು?

ನಾಳೆಯೇ ವರದಿ ಕೊಡಬೇಕು. ಪೆಟ್ಟಿಗೆ ಬದಲಾಯಿಸಿದ್ದು ಗಂಡನೇ ಎಂದು ಬರೆದರೆ ಅಕ್ಕನ ದೂರು ಬಿದ್ದುಹೋಗುತ್ತದೆ. ಪರಿಹಾರವೂ ಇಲ್ಲ, ಬೆರಳೂ ಇಲ್ಲ.

* * *

ಕಚೇರಿಯಲ್ಲಿ ಅಧಿಕಾರಿಣಿ ಪೆಟ್ಟಿಗೆಯನ್ನು ನೀರಿನ ತೂತು ಕೆಳಗಾಗುವಂತೆ ಹಿಡಿದು ಮೇಜಿನ ಮೇಲೆ ಕುಟ್ಟಿದಳು. ಬಿಳಿ ಪುಡಿ ಉದುರಿತು. ಪದರು ಪದರಾಗಿ ಉದುರುತ್ತಲೇ ಇತ್ತು. ತಿಂಗಳುಗಟ್ಟಲೆ ಉಪ್ಪುನೀರು ಕುದಿದಿದ್ದರೆ ಮಾತ್ರ ಹೀಗಾಗುತ್ತದೆ.

ಮತ್ತೆ ಅಕ್ಕನ ಮನೆಗೆ ಓಡಿದಳು. ನೀರು ಕಾಯಿಸುವ ಪಾತ್ರೆ ಹಳೆಯದು, ಆದರೂ ಒಳಗೆ ಫಳಫಳ, ಉಪ್ಪಿನ ಕಲೆಯೇ ಇಲ್ಲ. ಗುಡ್ಡೆಯನ್ನೂ ಕೆದಕಿದಳು. ಒಂದಕ್ಕೂ ನೀರು ತುಂಬುವ ತೂತೇ ಇಲ್ಲ, ಎಲ್ಲ ಹಳೇ ಕಾಲದ ಒಣ ಪೆಟ್ಟಿಗೆಗಳು.

ಆಗ ಅಂಗಡಿಯ ನಲ್ಲಿ ನೆನಪಾಯಿತು.

* * *

ಅಂಗಡಿಯ ಮೇಲಿನ ಮನೆಯಲ್ಲಿ ಅಂಗಡಿಯವನ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆ ಹೊಚ್ಚ ಹೊಸದು. ಚೆನ್ನಾಗಿದೆಯಲ್ಲ, ಯಾವಾಗ ತಂದಿರಿ ಎಂದು ಅಧಿಕಾರಿಣಿ ಕೇಳಿದಳು.

"ಹೋದ ತಿಂಗಳು. ಹಳೇದು ಕರೆಂಟ್ ಹೊಡೀತು. ಅವತ್ತೇ ಇವರು ಕೆಳಗಿಂದ ಅಂಥದ್ದೇ ಹೊಸದು ತಂದುಕೊಟ್ಟರು."

ಅಧಿಕಾರಿಣಿ ಪ್ಲಗ್ ಕಿತ್ತು, ಆರಲು ಬಿಟ್ಟು, ಮಗುಚಿ ನೋಡಿದಳು. ಅಕ್ಕನ ರಸೀದಿಯಲ್ಲಿದ್ದ ನಂಬರು, ಒಂದಂಕಿಯೂ ಹೆಚ್ಚುಕಮ್ಮಿಯಿಲ್ಲ.

ಅಷ್ಟರಲ್ಲಿ ಅಂಗಡಿಯವನು ಮೆಟ್ಟಿಲೇರಿ ಬಂದಿದ್ದ.

"ಹೊಸದನ್ನ ಮನೆಗೆ ತಂದಿರಿ," ಎಂದಳು ಅಧಿಕಾರಿಣಿ. "ಖಾಲಿ ಡಬ್ಬಕ್ಕೆ ಮನೆಯ ಹಳೇದನ್ನ ಒರೆಸಿಟ್ಟು ಟೇಪ್ ಅಂಟಿಸಿದಿರಿ. ತಳದ ನಂಬರು ನೋಡೋಕೆ ಮರೆತಿರಿ. ಮರೆತದ್ದೇ ಆಮೇಲೆ ನೆಪವಾಯ್ತು, ಆ ಗಂಡನ ತಲೆಗೆ ಕಟ್ಟಿದಿರಿ. ಆದರೆ ನಿಮ್ಮ ಮನೆಯ ಉಪ್ಪು ಪೆಟ್ಟಿಗೆಯೊಳಗೇ ಉಳಿದಿತ್ತು."

"ನಾನೇ ಬಿಚ್ಚಿ ಸರಿ ಮಾಡಿದ್ದೆ, ಮೇಡಂ. ಸರಿಯಾಗಿದೆ ಅಂತಲೇ ಮಾರಿದೆ."

"ಸರಿಯಾಗಿದ್ದರೆ ಅದನ್ನ ನಿಮ್ಮ ಹೆಂಡತಿ ಕೈಗೇ ಯಾಕೆ ಕೊಡಲಿಲ್ಲ?"

ಹೆಂಡತಿ ತನ್ನ ಬಲಗೈಯನ್ನೇ ನೋಡಿಕೊಂಡಳು.

* * *

ಅಧಿಕಾರಿಣಿ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿದಳು. ಪರಿಹಾರ ಸಿಗುತ್ತದೆ, ಅಂಗಡಿಯವನ ಮೇಲೆ ಕೇಸೂ ಆಗುತ್ತದೆ ಎಂದಳು. ಬೆರಳು ಮಡಚಲು ಬರುತ್ತದಾ ಎಂದು ಅಕ್ಕ ಕೇಳಿದಳು. ಅದು ಯಾವ ಕಾನೂನಿನ ಕೈಯಲ್ಲೂ ಇರಲಿಲ್ಲ.

ಗಂಡ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬರಲು ಧೈರ್ಯ ಸಾಲದು. ಅಕ್ಕ ಅವನತ್ತ ತಿರುಗಿದಳು. ಆಮೇಲೆ ಎಡಗೈಯಿಂದ ಬಾಚಣಿಗೆ ಮುಂದೆ ಚಾಚಿದಳು.

"ಬಾ, ಜಡೆ ಹಾಕು. ನನ್ನ ಕೈಲಿ ಆಗಲ್ಲ."