ಪುಟ್ಟಿ ಕೇಳುವ ತನಕ

ಬಾಗಿಲು ದೂಡಿ ಒಳಗೆ ಕಾಲಿಟ್ಟವಳು ಹೊಸಿಲ ಮೇಲೇ ಕಲ್ಲಾಗಿ ನಿಂತಳು!

ಅಡುಗೆಮನೆಯ ನೆಲದಲ್ಲಿ ಏಳು ವರ್ಷದ ಮಗಳು ಪುಟ್ಟಿ ಕಾಲು ಬಡಿಯುತ್ತ ಕಿರುಚುತ್ತಿದ್ದಳು. ಹುಟ್ಟಿದಾಗಿನಿಂದ ಒಂದೇ ಒಂದು ಮಾತಾಡದ ಮಗು... ಎದುರಿಗೆ ಅತ್ತೆ! ಎಡಗೈಯಲ್ಲಿ ಊಟದ ತಟ್ಟೆಯನ್ನು ಮಗುವಿಗೆ ಎಟುಕದಂತೆ ಎತ್ತಿ ಹಿಡಿದು, ಬಲಗೈಯನ್ನು ಅದರ ಮುಖದೆದುರು ಚಾಚಿದ್ದರು. ಹೊಡೆಯುವುದಕ್ಕೇ ಇರಬೇಕು, ಮತ್ತೇನು? ಹೊಲಿಗೆ ಅಂಗಡಿಯಲ್ಲಿ ಕರೆಂಟು ಹೋಗಿ ಅವಳು ಮಧ್ಯಾಹ್ನವೇ ಬಂದಿರದಿದ್ದರೆ ಇದು ಅವಳ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ.

"ಅತ್ತೆ! ಏನ್ ಮಾಡ್ತಿದ್ದೀರ ನೀವು?"

ಅತ್ತೆ ತಿರುಗಿಯೂ ನೋಡಲಿಲ್ಲ. "ಸುಮ್ನಿರು. ಕೇಳ್ಲಿ, ಆಮೇಲೆ ಕೊಡ್ತೀನಿ."

"ಕೇಳೋದಾ? ಮಾತೇ ಬರದ ಮಗು ಹೇಗೆ ಕೇಳುತ್ತೆ? ಕರುಳು ಅನ್ನೋದು ಇದೆಯಾ ನಿಮಗೆ?"

ತಟ್ಟೆ ಕಿತ್ತುಕೊಂಡು, ಮಗುವನ್ನು ಮಡಿಲಿಗೆಳೆದುಕೊಂಡು, ತುತ್ತಿನ ಮೇಲೆ ತುತ್ತು ತಿನ್ನಿಸಿದಳು. ಅತ್ತೆ ನೆಲದ ಮೇಲಿದ್ದ ಏನನ್ನೋ ಸೆರಗಿನಡಿ ಸರಿಸಿಕೊಂಡು, ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಸೊಸೆ ಹೊಲಿದ ಪರದೆ ಸೊಟ್ಟ, ಮಗ ಬೋಳೇಶಂಕರ, ಪಕ್ಕದ ಮನೆಯವರ ನಗು ಜೋರು ಎಂದು ಬೆಳಗಿನಿಂದ ಸಂಜೆವರೆಗೆ ಒಂದೇ ಸಮನೆ ನಡೆಯುವ ಬಾಯಿ ಅದು. ತಾನಾಗಿ ಮುಚ್ಚಿದ್ದು ಅದೇ ಮೊದಲು! ಉರಿಯುತ್ತಿದ್ದ ಸೊಸೆಗೆ ಅದನ್ನು ಯೋಚಿಸುವ ತಾಳ್ಮೆ ಎಲ್ಲಿ?

ಸಂಜೆ ಗಂಡನಿಗೆ ಚಪ್ಪಲಿ ಬಿಡುವುದಕ್ಕೂ ಅವಳು ಪುರುಸೊತ್ತು ಕೊಡಲಿಲ್ಲ.

"ರೀ, ಈ ಮನೇಲಿ ಒಂದೋ ನಿಮ್ಮಮ್ಮ ಇರ್ಬೇಕು, ಇಲ್ಲಾ ನಾನೂ ನನ್ನ ಮಗೂನೂ ಇರ್ಬೇಕು. ಈಗ್ಲೇ ಹೇಳ್ಬಿಡಿ!"

ಎಂಥ ಇಕ್ಕಟ್ಟಿನ ತಿರುವಿನಲ್ಲೂ ಬಸ್ಸು ತಿರುಗಿಸಬಲ್ಲ ಗಂಡ, ಇಬ್ಬರು ಹೆಂಗಸರ ನಡುವೆ ಎತ್ತ ತಿರುಗಬೇಕೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟ. ಕೊನೆಗೆ ಅವನನ್ನು ಪಾರು ಮಾಡಿದ್ದು ಅತ್ತೆಯೇ.

"ನನ್ನ ನಿಮ್ಮಕ್ಕನ ಮನೆಗೆ ಬಿಟ್ಟು ಬಾರೋ. ಮಗು ಮುಂದೆ ಜಗಳ ಬೇಡ."

ಚೀಲ ಹಿಡಿದು ಹೊರಟವರು ಪುಟ್ಟಿಯ ತಲೆ ಸವರಲು ಬಗ್ಗಿದರು. ಸೊಸೆ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಅತ್ತೆಯ ಕೈ ಗಾಳಿಯಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು.

ಮರುದಿನ ಪುಟ್ಟಿಯನ್ನು ವಿಶೇಷ ಶಾಲೆಗೆ ಅವಳೇ ಕರೆದೊಯ್ದಳು. ಬಿಡುವುದು, ಕರೆತರುವುದು ಎಲ್ಲವೂ ಅತ್ತೆಯ ಪಾಲಿನ ಕೆಲಸವಾಗಿತ್ತು. ಅವಳು ಆ ಗೇಟು ದಾಟಿದ್ದು ಒಮ್ಮೆ ಮಾತ್ರ, ಮಗುವನ್ನು ಸೇರಿಸುವಾಗ. ಅಂದು ಟೀಚರು ಚಿತ್ರದ ಕಾರ್ಡುಗಳ ಒಂದು ಪುಟ್ಟ ಆಲ್ಬಮ್ ಕೊಟ್ಟು, ಬೇಕಾದ್ದರ ಚಿತ್ರ ತೆಗೆದುಕೊಟ್ಟು ಕೇಳುವುದನ್ನು ಮಗುವಿಗೆ ಮನೆಯಲ್ಲೂ ಕಲಿಸಿ ಎಂದಿದ್ದರು. ಅವಳ ಭಯವೇ ಬೇರೆಯಾಗಿತ್ತು. ಚಿತ್ರಕ್ಕೆ ಒಗ್ಗಿಬಿಟ್ಟರೆ ನನ್ನ ಮಗು ಇನ್ನು ಮಾತೇ ಆಡುವುದಿಲ್ಲ! ಆಲ್ಬಮ್ಮನ್ನು ಅಟ್ಟಕ್ಕೆಸೆದು, ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು.

"ಟೀಚರ್, ಸಂಜೆವರೆಗೂ ಇವಳನ್ನ ಇಲ್ಲೇ ನೋಡ್ಕೊಳ್ಳೋಕಾಗುತ್ತಾ? ಅಜ್ಜೀನ ನಾನು ಕಳಿಸಿಬಿಟ್ಟೆ. ಮಗೂಗೆ ಊಟ ತೋರಿಸಿ ತೋರಿಸಿ ಅಳಿಸ್ತಿದ್ರು..."

ಟೀಚರ ಮುಖ ಬಿಳಿಚಿಕೊಂಡಿತು. "ಅಜ್ಜೀನಾ? ಕಳಿಸಿಬಿಟ್ರಾ?" ತರಗತಿಯ ಬಾಗಿಲು ತೆರೆದು ಹೇಳಿದರು, "ಈಗ ಮಕ್ಕಳು ತಿನ್ನೋ ಹೊತ್ತು. ಬನ್ನಿ, ಹಿಂದೆ ಕೂತ್ಕೊಳ್ಳಿ. ಏನೇ ಆದ್ರೂ ಏಳ್ಬೇಡಿ."

ಗಿಡ್ಡ ಮೇಜುಗಳು, ಗೋಡೆಯ ತುಂಬ ಚಿತ್ರಗಳು. ಪುಟ್ಟಿಯ ಎದುರು ಕೂತ ಟೀಚರು ಬಾಳೆಹಣ್ಣನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಪುಟ್ಟಿ ಕೈ ಚಾಚಿದಳು. ಕೊಡಲಿಲ್ಲ. ಪುಟ್ಟಿ ಮುಖ ಸಿಂಡರಿಸಿ ಮೇಜು ಗುದ್ದಿದಳು... ಟೀಚರು ಬರಿಗೈಯನ್ನು ಅವಳ ಮುಂದೆ ಚಾಚಿ, ತುಟಿ ಪಿಟಕ್ಕೆನ್ನದೆ ಕೂತರು.

ಅದೇ ಕೈ! ಅಡುಗೆಮನೆಯಲ್ಲಿ ಕಂಡ ಅದೇ ಕೈ! ಅವಳು ಎದ್ದೇಬಿಟ್ಟಳು.

"ಅಯ್ಯೋ, ನೀವೂನಾ? ಮಗೂನ ಯಾಕೆ ಹೀಗೆ ಗೋಳು..."

ಅಷ್ಟರಲ್ಲೇ ಪುಟ್ಟಿ ಪಕ್ಕದಲ್ಲಿದ್ದ ಶಾಲೆಯ ಆಲ್ಬಮ್ ತೆರೆದು, ಹುಡುಕಿ, ಬಾಳೆಹಣ್ಣಿನ ಚಿತ್ರ ಕಿತ್ತು ಟೀಚರ ಅಂಗೈಯಲ್ಲಿ ಇಟ್ಟಳು!

"ಬಾಳೆಹಣ್ಣು ಬೇಕಾ ಪುಟ್ಟೀ? ತಗೋ!" ಟೀಚರು ಆ ಕ್ಷಣವೇ ಹಣ್ಣು ಕೊಟ್ಟರು.

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ಕೇಳಿತು... ನನ್ನ ಮಗು ಕೇಳಿತು!

"ಇದು ಉಪವಾಸ ಹಾಕೋದಲ್ಲಮ್ಮ, ಒಂದು ಗಳಿಗೆ ಕಾಯೋದು," ಪಕ್ಕಕ್ಕೆ ಬಂದು ಕೂತ ಟೀಚರು ಮೆಲ್ಲಗೆ ಹೇಳಿದರು. "ಮಾತಿಗೆ ಇದು ಅಡ್ಡಿ ಬರಲ್ಲ. ಕೇಳಿದ್ರೆ ಸಿಗುತ್ತೆ ಅಂತ ಮಗೂಗೆ ಮೊದಲು ಗೊತ್ತಾಗ್ಬೇಕು. ಇಲ್ಲಿ ನಾವು ಕಲಿಸಿದ್ವಿ, ಮನೇಲಿ ದಿನಾ ಮಾಡ್ಸಿದ್ದು ನಿಮ್ಮತ್ತೆ. ಪೋಷಕರ ತರಗತಿ ಒಂದೂ ತಪ್ಪಿಸಿಲ್ಲ ಅವರು. ಮೊದಮೊದಲು ಮಗು ಅತ್ರೆ ಅವರಿಗೂ ತಡೀತಿರ್ಲಿಲ್ಲ. ಹೊರಗೆ ಹೋಗಿ ಅತ್ತು, ಮುಖ ತೊಳ್ಕೊಂಡು ಬಂದು ಮತ್ತೆ ಕೈ ಚಾಚೋರು."

"ನನಗೊಂದು ಮಾತು ಹೇಳ್ಲಿಲ್ವಲ್ಲ ಟೀಚರ್..."

"ಹೇಳಿದ್ರೆ ಆಲ್ಬಮ್ಮನ್ನೇ ಬಿಸಾಡ್ತಾಳೆ ಅಂತಿದ್ರು."

ಬಾಯಾರುವ ಮೊದಲೇ ನೀರು, ಹಸಿಯುವ ಮೊದಲೇ ತುತ್ತು, ಅಳುವ ಮೊದಲೇ ಆಟಿಕೆ... ಮಗುವಿಗೆ ಏನೂ ಕಡಿಮೆಯಾಗದಂತೆ ನೋಡಿಕೊಂಡೆನೆಂದು ಬೀಗಿದ್ದಳಲ್ಲ! ಕೇಳುವುದಕ್ಕೆ ಏನನ್ನೂ ಉಳಿಸಿರಲಿಲ್ಲ ಈ ತಾಯಿ.

ಸಂಜೆ ಮನೆಯೆಲ್ಲ ಹುಡುಕಿದಾಗ, ಅಂದು ಅಟ್ಟಕ್ಕೆಸೆದಿದ್ದ ಆಲ್ಬಮ್ ಅತ್ತೆಯ ಹಾಸಿಗೆಯಡಿ ಸಿಕ್ಕಿತು. ಅದರಲ್ಲಿ ಅತ್ತೆ ಸೇರಿಸಿದ ಮನೆಯವರ ಫೋಟೋಗಳೂ ಇದ್ದವು. ಅವಳದು ಅಂಚು ಸವೆದು, ಬೆರಳ ಗುರುತಿನಿಂದ ಮಸುಕಾಗಿತ್ತು. ಅತ್ತೆಯದು ಮಾತ್ರ ಇಟ್ಟ ಹಾಗೇ ಹೊಚ್ಚಹೊಸದು.

ತಟ್ಟೆಗೆ ಬಡಿಸಿ, ಆಲ್ಬಮ್ ಮುಂದಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ಅವಳು ಮಗಳೆದುರು ಅಂಗೈ ಚಾಚಿ ಕಾದಳು. ಪುಟ್ಟಿ ತಟ್ಟೆ ನೋಡಿದಳು. ಮುಟ್ಟಲಿಲ್ಲ. ಬಾಗಿಲ ಕಡೆ ನೋಡಿದಳು, ಅಜ್ಜಿಯ ಖಾಲಿ ಹಾಸಿಗೆ ನೋಡಿದಳು. ಆಮೇಲೆ ಆಲ್ಬಮ್ ತಿರುವಿ, ಆ ಹೊಸ ಫೋಟೋ ಕಿತ್ತು ಅಮ್ಮನ ಕೈಗೆ ಕೊಟ್ಟಳು.

ಅಜ್ಜಿ ಯಾವಾಗಲೂ ಎದುರಿಗೇ ಇದ್ದರಲ್ಲ... ಇಷ್ಟು ದಿನ ಅವರನ್ನು ಕೇಳುವ ಅಗತ್ಯವೇ ಬಿದ್ದಿರಲಿಲ್ಲ!

ಅವಳು ಬಿಕ್ಕುತ್ತ ಫೋನು ಹಚ್ಚಿದಳು. "ಅತ್ತೆ... ನನ್ನದು ತಪ್ಪಾಯ್ತು. ಪುಟ್ಟಿ ನಿಮ್ಮ ಫೋಟೋ ಕೊಟ್ಟಳು."

"ಕೈ ಹಿಡ್ದು ನೀನೇ ಕೊಡಿಸ್ಲಿಲ್ಲ ತಾನೇ?"

"ಇಲ್ಲ ಅತ್ತೆ... ಅವಳೇ ಹುಡುಕಿ ಕೊಟ್ಟಳು. ನನ್ನ ಫೋಟೋ ಯಾಕತ್ತೆ ಇಷ್ಟು ಸವೆದಿದೆ?"

"ಇನ್ನೇನಾಗುತ್ತೆ? ಮಧ್ಯಾಹ್ನ ಪೂರ್ತಿ ಅದನ್ನೇ ತಂದು ತಂದು ಕೊಡ್ತಾಳೆ. ಕೆಲಸಕ್ಕೆ ಹೋದ ನಿನ್ನ ನಾನೆಲ್ಲಿಂದ ತಂದ್ಕೊಡ್ಲಿ?" ಮುದುಕಿಯ ದನಿ ಒಡೆಯಿತು. ಮರುಗಳಿಗೆಯೇ ಗದರಿತು, "ಮಗು ಕೇಳಿದೆ ಅಂತೀಯ, ಹರಟೆ ಹೊಡೀತಾ ನಿಂತಿದ್ದೀಯಲ್ಲೇ! ತಡ ಮಾಡಿದ್ರೆ ಕಲಿತದ್ದೆಲ್ಲ ಮರೀತಾಳೆ ಕಣೇ, ಬೇಗ ಬಾ!"

ಗಂಡ ಬರುವ ತನಕ ಅವಳು ಕಾಯಲಿಲ್ಲ. ಮಗಳಿಗೆ ಚಪ್ಪಲಿ ಹಾಕಿ, ಫೋಟೋವನ್ನು ಅವಳ ಕೈಗೇ ಕೊಟ್ಟು, ಅತ್ತೆಯನ್ನು ಕರೆತರಲು ಬೀದಿಗಿಳಿದಳು.