ಏಳನೆಯ ಚೀಲ

"ದೊಡ್ಡಮ್ಮ, ಹಕ್ಕಿ ಹೋಯ್ತು! ನನ್ನ ಕೈತಪ್ಪಿನಿಂದಲೇ ಅಂತಿದ್ದಾರೆ ಮೇಷ್ಟ್ರು. ಹತ್ತು ಗಂಟೆಗೆ ಮೇಲ್ವಿಚಾರಕಿ ಬರ್ತಾರೆ, ಪರವಾನಗಿ ಕಿತ್ಕೋತಾರೆ!"

ಚೂಟಿ ಏದುಸಿರು ಬಿಡುತ್ತ ಹೊಲಿಗೆ ಯಂತ್ರದ ಮುಂದೆ ನಿಂತಿದ್ದಳು.

"ಮೊದಲು ನೀರು ಕುಡಿ. ಅಳೋದಕ್ಕೆ ಇನ್ನೂ ಒಂದು ಗಂಟೆ ಇದೆ," ಎಂದರು ದೊಡ್ಡಮ್ಮ.

ಉದ್ಯಾನದ ಪಕ್ಕದಲ್ಲೇ ಮನೆಯಿದ್ದ ಈ ದರ್ಜಿಯಮ್ಮ ಆ ಬೀದಿಯ ಖಾಸಾ ಪತ್ತೇದಾರರು. ಯಾರ ಮನೆಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಸುದ್ದಿ ಅವರಿಗೆ ಹೋಗುತ್ತಿತ್ತು. ಮೇಷ್ಟ್ರು ಹಿಡಿದ ಹಕ್ಕಿಗಳನ್ನು ಇಡುವ ಬಟ್ಟೆಚೀಲಗಳನ್ನು ಹೊಲಿದುಕೊಡುತ್ತಿದ್ದವರೂ ಅವರೇ.

ಶರತ್ಕಾಲದಲ್ಲಿ ಚಳಿನಾಡುಗಳಿಂದ ಬರುವ ಉಲಿಯಕ್ಕಿಯಂಥ ಪುಟ್ಟ ಹಾಡುಹಕ್ಕಿಗಳು ಉದ್ಯಾನದ ಪೊದೆಗಳಲ್ಲಿ ತಂಗುತ್ತವೆ. ಆಗ ಅವು ಹಾಡುವುದಿಲ್ಲ, ಚಿಕ್ ಎಂದು ಸುಮ್ಮನಾಗುತ್ತವೆ. ದನಿ ಕೇಳಿ ಜಾತಿ ತಿಳಿಯಲಾಗದ್ದರಿಂದ ಬಲೆಯಲ್ಲಿ ಹಿಡಿದು, ರೆಕ್ಕೆ ಅಳೆದು, ಗುರುತಿಸಿ, ಕಾಲಿಗೆ ಅಂಕಿಯಿರುವ ಬಳೆ ತೊಡಿಸಿ ಬಿಡುವುದು ಮೇಷ್ಟ್ರ ಕೆಲಸ. ಎರಡು ವರ್ಷ ಅವರ ಕೈಕೆಳಗೆ ಪಳಗಿದ ಚೂಟಿಗೆ ಆ ಕೆಲಸದ ಪರವಾನಗಿ ಸಿಕ್ಕಿ ತಿಂಗಳೂ ಆಗಿರಲಿಲ್ಲ.

"ಬೆಳಿಗ್ಗೆ ಒಂದು ಉಲಿಯಕ್ಕಿ ಸಿಕ್ತು. ರೆಕ್ಕೆ ಮೇಲೆ ಎರಡು ಬಿಳಿ ಪಟ್ಟಿ. ಈ ಊರಲ್ಲಿ ಯಾರೂ ಕಂಡಿರದ ಹಕ್ಕಿ ಅಂತ ಮೇಷ್ಟ್ರು ಕುಣಿದಾಡಿ ಎಲ್ಲರಿಗೂ ಫೋನ್ ಮಾಡಿದ್ರು. ನಾನು ಏಳನೇ ಚೀಲಕ್ಕೆ ಹಾಕಿ, ತೂಗಿ, ಗಂಟು ಕಟ್ಟಿ, ಗುಡಿಸಲ ಕೊಕ್ಕೆಗೆ ನೇತುಹಾಕಿ ಬಲೆ ನೋಡೋಕೆ ಹೋದೆ. ವಾಪಸ್ ಬಂದ್ರೆ ಚೀಲ ಖಾಲಿ! ಬಲೆ ಸುತ್ತಿಟ್ಟು ಇಲ್ಲಿಗೆ ಓಡಿಬಂದೆ."

"ಯಾರಿದ್ರು ಅಲ್ಲಿ?"

"ಮೇಷ್ಟ್ರು ಹೊರಗೆ ಫೋನಲ್ಲಿದ್ರಂತೆ. ಸುದ್ದಿ ಕೇಳಿ ಬಂದ ಕ್ಯಾಮೆರಾದವನು ಬಾಗಿಲಲ್ಲೇ ಸುಳಿದಾಡ್ತಿದ್ದ. ಕೊಂಬೆ ಮೇಲೆ ಕೂತ ಫೋಟೊ ಬೇಕು, ಬಿಟ್ಟುಬಿಡಿ ಅಂತ ಗೋಗರೀತಿದ್ದ."

"ತೂಕ ಎಷ್ಟಿತ್ತು?"

"ಆರೂವರೆ ಗ್ರಾಂ. ಪಾಪ, ಮೈಯಲ್ಲಿ ಕೊಬ್ಬೇ ಇರಲಿಲ್ಲ."

"ಸರಿ. ಸುತ್ತಿಟ್ಟ ಬಲೆನ ಮತ್ತೆ ಬಿಚ್ಚು. ಹಕ್ಕಿ ಸಿಕ್ಕಿತ್ತಲ್ಲ, ಅದೇ ಪೊದೆ ಹತ್ತಿರ."

ಏಕೆಂದು ಕೇಳುವ ಧೈರ್ಯ ಚೂಟಿಗಿರಲಿಲ್ಲ. ಬಲೆ ಬಿಚ್ಚಿ ಗುಡಿಸಲಿಗೆ ಬಂದರೆ, ದೊಡ್ಡಮ್ಮ ಏಳನೆಯ ಚೀಲವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಆಮೇಲೆ ದಾಖಲೆ ಪುಸ್ತಕ ತೆರೆದರು, ಬಳೆಗಳನ್ನು ಪೋಣಿಸಿದ್ದ ತಂತಿ ಕೇಳಿ ನೋಡಿದರು. ಮೇಷ್ಟ್ರು ಕುತ್ತಿಗೆಗೆ ನೇತುಹಾಕಿದ್ದ, ಬಳೆ ಬಿಗಿಸುವ ಇಕ್ಕಳವನ್ನು ಸುಮ್ಮನೆ ಸವರುತ್ತ ಕೂತಿದ್ದರು. ಊಟಕ್ಕೆ ಕೂತರೂ ಅದನ್ನು ತೆಗೆಯುವವರಲ್ಲ.

ಹತ್ತಕ್ಕೆ ಮೇಲ್ವಿಚಾರಕಿ ಬಂದರು.

"ಗಂಟು ಸಡಿಲ ಕಟ್ಟಿದ್ದಾಳೆ, ಹಾರಿಹೋಗಿದೆ. ಅಷ್ಟೇ," ಎಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ.

"ಹಾರಿಹೋದ ಹಕ್ಕಿ ಚೀಲವನ್ನ ಒಳಮೈ ಹೊರಗೆ ಮಾಡಿ ಹೋಗತ್ತಾ ಮೇಷ್ಟ್ರೇ?" ದೊಡ್ಡಮ್ಮ ಚೀಲ ಎತ್ತಿ ತೋರಿಸಿದರು. "ಹಕ್ಕಿಯ ಉಗುರು ದಾರಕ್ಕೆ ಸಿಕ್ಕಬಾರದು ಅಂತ ನಾನು ಹೊಲಿಗೆಯ ಅಂಚನ್ನ ಹೊರಗಿಡ್ತೀನಿ. ಹಕ್ಕಿ ಬಿಟ್ಟ ಮೇಲೆ ನೀವುಗಳು ಚೀಲ ತಿರುವಿ, ಕೊಡವಿ ನೇತುಹಾಕ್ತೀರಿ. ಈಗ ನೋಡಿ, ಅಂಚು ಒಳಗಿದೆ. ಅಂದ್ರೆ ಇದು ತಪ್ಪಿಸಿಕೊಂಡಿಲ್ಲ, ಬಿಟ್ಟಿದ್ದಾರೆ. ಬಿಟ್ಟವರ ಕೈಗೆ ಈ ಕೆಲಸ ರೂಢಿ."

ಕ್ಯಾಮೆರಾದವನು ನಿಟ್ಟುಸಿರು ಬಿಟ್ಟ. "ನಂಗೆ ಚೀಲ ಮುಟ್ಟೋಕೂ ಬಿಡಲ್ಲ ಇವರು."

"ಪುಸ್ತಕದಲ್ಲಿ ಕೊನೆ ಬಳೆ ಮುನ್ನೂರ ಹದಿನೆಂಟು. ತಂತಿಯಲ್ಲಿ ಉಳಿದಿದ್ದು ಮುನ್ನೂರ ಇಪ್ಪತ್ತರಿಂದ. ಹತ್ತೊಂಬತ್ತನ್ನ ತೊಡಿಸೋಕೆ ಇಕ್ಕಳ ಬೇಕು. ಅದು ಒಬ್ಬರ ಕುತ್ತಿಗೆ ಬಿಟ್ಟು ಇಳಿಯಲ್ಲ. ಇನ್ನು ಹಕ್ಕಿ. ಕೊಬ್ಬಿಲ್ಲದ ಹಕ್ಕಿ ಹೊಟ್ಟೆ ತುಂಬದೆ ದೂರ ಹೋಗಲ್ಲ. ಚೂಟಿ, ಮೇಲ್ವಿಚಾರಕಿಯವರನ್ನ ಕರ್ಕೊಂಡು ಬಲೆ ನೋಡ್ಕೊಂಡು ಬಾ."

ಬಲೆಯ ಮೂರನೆಯ ಮಡಿಕೆಯಲ್ಲಿ ಹಕ್ಕಿ ಸಿಕ್ಕಿಕೊಂಡಿತ್ತು. ಕಾಲಲ್ಲಿ ಹೊಳೆಯುವ ಹೊಸ ಬಳೆ: ಮುನ್ನೂರ ಹತ್ತೊಂಬತ್ತು. ಮರಳಿ ಬಂದು ಚೂಟಿ ರೆಕ್ಕೆ ಅಳೆದಳು.

"ಇದು ನಮ್ಮಲ್ಲಿ ದಿನಾ ಸಿಗೋ ಹಸಿರು ಉಲಿಯಕ್ಕಿ. ಈ ವರ್ಷದ ಮರಿ. ಸಾಮಾನ್ಯವಾಗಿ ಒಂದೇ ಪಟ್ಟಿ ಕಾಣತ್ತೆ; ಇದರ ಪುಕ್ಕ ಹೊಸದು, ಸವೆದಿಲ್ಲ, ಅದಕ್ಕೇ ಎರಡನೇದೂ ಮಸುಕಾಗಿ ಕಾಣ್ತಿದೆ."

ಮೇಷ್ಟ್ರ ತಲೆ ತಗ್ಗಿತು. "ಅಳೆದಾಗ ಗೊತ್ತಾಯ್ತು. ಅಷ್ಟೊತ್ತಿಗೆ ಊರಿಗೆಲ್ಲ ಫೋನ್ ಮಾಡಿಬಿಟ್ಟಿದ್ದೆ. ನಲವತ್ತು ವರ್ಷದ ಹೆಸರು... ಬಿಟ್ಟುಬಿಟ್ಟೆ. ಆದ್ರೆ ಬಳೆ ಇಲ್ಲದೆ ಬಿಡೋಕೆ ಕೈ ಬರಲಿಲ್ಲ."

"ನನ್ನ ಹೆಸರು ಕೆಡಿಸೋಕೆ ಕೈ ಹೇಗೆ ಬಂತು ಮೇಷ್ಟ್ರೇ?" ಎಂದಳು ಚೂಟಿ. ಅವಳಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಮೇಷ್ಟ್ರು ಕುತ್ತಿಗೆಯಿಂದ ಇಕ್ಕಳ ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದರು.

ಚೂಟಿ ಕಿಟಕಿಯಲ್ಲಿ ಅಂಗೈ ಬಿಚ್ಚಿದಳು. ಹಕ್ಕಿ ಚಿಕ್ ಎಂದು ಪೊದೆಗೆ ಹಾರಿತು. ಅವಳ ಕೈ ತಾನಾಗಿಯೇ ಚೀಲವನ್ನು ತಿರುವಿ, ಕೊಡವಿ, ಕೊಕ್ಕೆಗೆ ನೇತುಹಾಕಿತು.