ಅಹ್ಮದಿ ಬಸ್ಸಿನ ಕೊನೆಯ ಶುಕ್ರವಾರ

ಯಶೋಧರಣ್ಣ ಕುವೈತ್ ಬಿಟ್ಟು ಹೋಗುತ್ತಾರೆಂದು ನನಗೆ ತಿಳಿದದ್ದು ಇಲ್ಲಿಯ ನಮ್ಮ ಊರವರ ಸಂಘದ ವಾಟ್ಸಾಪ್ ಗುಂಪಿನಿಂದ. ಗುಲಾಬಿ ಬಣ್ಣದ ಪೋಸ್ಟರ್. ನಡುವೆ ಅವರ ಫೋಟೋ, ಕೆಳಗೆ "ಬೀಳ್ಕೊಡುಗೆ ಸಮಾರಂಭ, ಬುಧವಾರ ಸಂಜೆ ಏಳಕ್ಕೆ." ನೂರಾರು ಜನ ಅದಕ್ಕೆ ಕೈಮುಗಿದಿದ್ದರು.

ನಾನು ಕೈಮುಗಿಯಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಕ್ಷರ ಕೂಡಿಸಿ ಓದುತ್ತೇನೆ. ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಅದೇ ಇತ್ತು.

ಆರು ವರ್ಷದಿಂದ ನಾವಿಬ್ಬರೂ ಶುಕ್ರವಾರದ ಬಸ್ಸಿನವರು. ಊರಿನಿಂದ ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ಎಣ್ಣೆಯ ಊರು ಅಹ್ಮದಿಯನ್ನು ತೋರಿಸುವುದು ನಮ್ಮ ಸಂಘದ ಪದ್ಧತಿ. ಪಾಪ, ಮಕ್ಕಳು ಡ್ಯೂಟಿಗೆ ಹೋದರೆ ಅವರು ಫ್ಲ್ಯಾಟಿನಲ್ಲಿ ಗೋಡೆ ನೋಡಿಕೊಂಡು ಕೂತಿರುತ್ತಾರೆ. ಯಶೋಧರಣ್ಣ ಬಸ್ಸು ಓಡಿಸುವುದು, ನಾನು ಮೈಕ್ ಹಿಡಿದು ವಿವರ ಹೇಳುವುದು. ವಾರದ ಉಳಿದ ದಿನ ಅವರು ಕಂಪನಿಯ ಡ್ರೈವರ್, ನಾನು ಫಹಾಹೀಲಿನ ಒಂದು ಶಾಲೆಯಲ್ಲಿ ಆಯಾ.

ಬಸ್ಸಿನೊಳಗಿನ ಕನ್ನಡಿ ಹಿಂದಿನ ಸೀಟುಗಳನ್ನು ನೋಡಲಿಕ್ಕೆ ಇರುವುದು. ಅವರ ಬಸ್ಸಿನದ್ದು ಯಾವಾಗಲೂ ಎರಡು ಬೆರಳಷ್ಟು ಬಲಕ್ಕೆ ತಿರುಗಿರುತ್ತಿತ್ತು. ಬಲಕ್ಕೆ ಕೂರುವವಳು ನಾನು. ನಾನು ತಲೆ ಎತ್ತಿದರೆ ಅವರ ಕಣ್ಣು ರಸ್ತೆಗೆ ಓಡುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿದರೆ ಮೆಲ್ಲಗೆ ವಾಪಸ್ ಬರುತ್ತಿತ್ತು. ಒಮ್ಮೆ ನಾನು ಬೇಕೆಂದೇ ಬೇಗ ತಿರುಗಿದೆ. ಸಿಕ್ಕಿಬಿದ್ದು, ಐವತ್ತು ದಾಟಿದ ಮನುಷ್ಯ, ಕಿವಿಯವರೆಗೆ ಕೆಂಪಾದರು.

ಅಷ್ಟಾದರೂ ಬಾಯಿ ತೆರೆಯಲಿಲ್ಲ. ಹೇಳುತ್ತಾರೆ ಎಂದು ಕಾದೆ. ಗಂಡ ತೀರಿಹೋಗಿ ಇಪ್ಪತ್ತಮೂರು ವರ್ಷ, ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಈ ದೇಶಕ್ಕೆ ಬಂದವಳು; ಕಾಯುವುದು ನನಗೆ ಗೊತ್ತು. ಆದರೆ ಪೋಸ್ಟರಿಗಾಗಿ ಕಾದದ್ದಲ್ಲ.

ಶುಕ್ರವಾರ ಬೆಳಗ್ಗೆ ಮಂಗಾಫಿನಲ್ಲಿ ಬಸ್ಸು ಬಂದು ನಿಂತಿತು. ಹತ್ತಿದೆ. ನೇರ ಕನ್ನಡಿಗೆ ಕೈ ಹಾಕಿ ಅದನ್ನು ಹಿಂದಿನ ಸೀಟುಗಳ ಕಡೆಗೆ ತಿರುಗಿಸಿದೆ.

"ಹರಿಣಾಕ್ಷಕ್ಕ, ಎಂತ ಆಯ್ತು?" ಎಂದರು ಯಶೋಧರಣ್ಣ.

"ಬಸ್ಸು ಬಿಡಿ."

ಹದಿನಾಲ್ಕು ಜನ ಹಿರಿಯರು ಹತ್ತಿದ್ದರು. ಮುಂದಿನ ಸೀಟಿನಲ್ಲಿ ಐವಿಬಾಯಿ. ಮಗ ಕ್ಲೇಟನ್‌ನ ಮನೆಗೆ ಬಜ್ಪೆಯಿಂದ ಬಂದ ಹೆಂಗಸು, ಮಡಿಲಲ್ಲಿ ಚಕ್ಕುಲಿ ಡಬ್ಬ.

ಬಸ್ಸು ಕಡಲ ಮಟ್ಟದಿಂದ ದಿಣ್ಣೆ ಏರಿ ಅಹ್ಮದಿಗೆ ಬಂದಿತು. ಫೆಬ್ರವರಿಯ ಹದವಾದ ಬಿಸಿಲು. ಉದ್ದಕ್ಕೆ ನೀಲಗಿರಿ ಮರಗಳು, ಕತ್ತರಿಸಿದ ಬೇಲಿಗಿಡ, ಬೇಲಿಯ ಹಿಂದೆ ಬ್ರಿಟಿಷರ ಕಾಲದ ತಗ್ಗು ಮನೆಗಳು. ಮೈಕ್ ತೆಗೆದುಕೊಂಡೆ.

"ಎಲ್ಲರೂ ಎಡಕ್ಕೆ ನೋಡಿ. ಈ ಊರು ಮೊದಲು ಬರೀ ಮರಳು. ಎಣ್ಣೆ ಸಿಕ್ಕಿದ ಮೇಲೆ ಕಂಪನಿಯವರು ಕಟ್ಟಿದ್ದು. ಈ ಮರಗಳು ತಾವಾಗಿ ಬೆಳೆದವಲ್ಲ. ದಿನಾ ನೀರು ಕೊಡಬೇಕು. ದೂರದಿಂದ ನೋಡಿ ನೋಡಿ ಹೋದರೆ ಮರ ಬದುಕುವುದಿಲ್ಲ."

ಡ್ರೈವರ್ ಸೀಟು ಕೆಮ್ಮಿತು.

"ಅದು ಹೌದು ಬಾಯಿ, ನಮ್ಮ ಮಲ್ಲಿಗೆಯೂ ಹಾಗೆಯೇ," ಎಂದರು ಐವಿಬಾಯಿ.

ದಿಣ್ಣೆಯ ಮೇಲೆ ಎಣ್ಣೆಯ ದೊಡ್ಡ ದೊಡ್ಡ ಟ್ಯಾಂಕುಗಳು ಕಾಣಿಸಿದವು. ಎಲ್ಲರೂ ಮೊಬೈಲ್ ಎತ್ತಿದರು.

"ನಾವು ಎತ್ತರದಲ್ಲಿದ್ದೇವೆ, ಹಡಗು ಕೆಳಗೆ ಕಡಲಲ್ಲಿ. ಎಣ್ಣೆ ಇಲ್ಲಿಂದ ಇಳಿಜಾರಿನಲ್ಲಿ ತಾನೇ ಇಳಿದು ಹೋಗ್ತದೆ. ಸದ್ದಿಲ್ಲ, ಮಾತಿಲ್ಲ. ಆರು ವರ್ಷ ಜೊತೆಗಿದ್ದವರಿಗೂ ಗೊತ್ತಾಗುವುದಿಲ್ಲ. ಖಲಾಸ್!"

"ಎಣ್ಣೆ ಆರು ವರ್ಷ ಟ್ಯಾಂಕಿನಲ್ಲಿ ಇರ್ತದಾ?" ಹಿಂದಿನಿಂದ ಒಬ್ಬ ಅಜ್ಜ ಕೇಳಿದರು.

"ಇರುವುದಿಲ್ಲ ಅಂಕಲ್," ಎಂದರು ಯಶೋಧರಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ. "ಹರಿಣಾಕ್ಷಕ್ಕನಿಗೆ ಇವತ್ತು ಸ್ವಲ್ಪ ಗ್ಯಾಸ್ ಜಾಸ್ತಿ."

ಬಸ್ಸು ನಕ್ಕಿತು. ನನ್ನ ಮೈ ಉರಿಯಿತು.

ಎಣ್ಣೆಯ ಮ್ಯೂಸಿಯಮಿನಲ್ಲಿ ಯುದ್ಧದ ಕಾಲಕ್ಕೆ ಬಾವಿಗಳು ಹೊತ್ತಿ ಉರಿದ ಚಿತ್ರ ತೋರಿಸಿದೆ. ಹಗಲಿನಲ್ಲೇ ಆಕಾಶ ಕಪ್ಪು. "ಒಳಗಿದ್ದದ್ದಕ್ಕೆ ಬೆಂಕಿ ಬಿದ್ದರೆ ಆರಿಸಲಿಕ್ಕೆ ತಿಂಗಳುಗಟ್ಟಲೆ ಬೇಕು," ಎಂದೆ. ಈ ಸಲ ಅವರು ತಮಾಷೆ ಮಾಡಲಿಲ್ಲ. ಬಾಗಿಲ ಹತ್ತಿರ, ಬಸ್ಸಿನ ಕೀಲಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಪಾರ್ಕಿನಲ್ಲಿ ಪೆಟೂನಿಯಾ ಹೂವಿನ ಹಾಸು ನೋಡುತ್ತಾ ಐವಿಬಾಯಿ ನನ್ನ ತೋಳು ಹಿಡಿದರು.

"ಬಾಯಿ, ನಿಮ್ಮ ಡ್ರೈವರಿಗೆ ಹೆಂಡತಿ ಉಂಟಾ?"

"ಇಲ್ಲ. ಮೂವರು ತಂಗಿಯಂದಿರ ಮದುವೆ ಮಾಡಿಸುವಾಗ ತನ್ನದು ಮರೆತುಹೋಯ್ತಂತೆ."

"ಹಾಗಾದರೆ ನೀವು ಬೈಯುವುದು ಸಾಕಾಗುವುದಿಲ್ಲ. ಇನ್ನೂ ಬೈಯಿರಿ," ಎಂದು ಚಕ್ಕುಲಿ ಮುರಿದು ಕೈಗಿತ್ತರು.

ಕೊನೆಗೆ ಫಹಾಹೀಲಿನ ಕಡಲ ದಂಡೆ. ಪ್ರತಿ ಸಲ ಅಲ್ಲಿ ಇಳಿಸಿ ಚಹಾ, ನಾನು ಮಾಡಿ ತಂದ ಗೋಳಿಬಜೆ. ಹಿರಿಯರು ಕಲ್ಲುಬೆಂಚುಗಳಲ್ಲಿ ಕೂತರು. ದೂರದಲ್ಲಿ ಎಣ್ಣೆ ಹಡಗುಗಳು ಅಲುಗಾಡದೆ ನಿಂತಿದ್ದವು. ಯಶೋಧರಣ್ಣ ನನ್ನ ಹತ್ತಿರ ಬಂದು ತುಳುವಿನಲ್ಲಿ ಮೆಲ್ಲಗೆ ಮಾತು ತೆಗೆದರು. ಕೇಳುವವರಿಗೆ ಕೇಳಲಿ ಎಂದು ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ.

"ಪೋಸ್ಟರಿನಲ್ಲಿ ಓದಬೇಕಾಯ್ತಲ್ಲ? ನಾನು ಯಾರು ನಿಮಗೆ?"

"ಇಲ್ಲಿರುವ ಪರ್ಮಿಟ್ಟು, ಇಕಾಮಾ, ಮುಗೀತು ಮಾರಾಯ್ತಿ. ಕಂಪನಿ ಇನ್ನು ರಿನ್ಯೂ ಮಾಡುವುದಿಲ್ಲ. ನಿಮಗೆ ಹೇಳಬೇಕು ಅಂತ ಇದ್ದೆ, ಅಷ್ಟರಲ್ಲಿ ಸೆಕ್ರೆಟರಿ ಹಾಕಿಬಿಟ್ಟ."

"ಸೆಕ್ರೆಟರಿಗೆ ಹೇಳಲಿಕ್ಕೆ ಬಾಯಿ ಇತ್ತು."

ಅವರು ಹಡಗುಗಳ ಕಡೆ ನೋಡಿಕೊಂಡು, "ಕೇಳಿದ್ದೇನೆ," ಎಂದರು.

"ಎಂತ ಕೇಳಿದ್ದು?"

"ನಿಮ್ಮನ್ನು. ಎರಡು ವರ್ಷದ ಹಿಂದೆ. ಅಶ್ಮಿತಾಳ ಹತ್ತಿರ."

ಅಶ್ಮಿತಾ ನನ್ನ ಮಗಳು, ಈಗ ಇಲ್ಲೇ ಕುವೈತಿನಲ್ಲಿ, ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸು. ಗಂಡನ ಜೊತೆ ರಿಗ್ಗೈಯಲ್ಲಿ ಮನೆ.

"ನಿಮಗೆ ಅಪ್ಪ ಅಣ್ಣ ಯಾರೂ ಇಲ್ಲವಲ್ಲ," ಎಂದರು ಅವರು. "ಮನೆಯಲ್ಲಿ ದೊಡ್ಡವರನ್ನು ಕೇಳುವುದು ಮರ್ಯಾದೆ ಅಂತ ಅವಳಲ್ಲಿಗೆ ಹೋದೆ. 'ಬೇಡ ಮಾಮಾ, ಈಗಷ್ಟೇ ನನ್ನ ಮದುವೆ ಆಗಿದೆ, ಗಂಡನ ಮನೆಯವರು ಎಂತ ಹೇಳ್ತಾರೆ' ಅಂದಳು. ಅಷ್ಟೇ. ವಾಪಸ್ ಬಂದೆ."

ಕೈಯಲ್ಲಿದ್ದ ಚಹಾ ಕಪ್ಪನ್ನು ಬೆಂಚಿನ ಮೇಲಿಟ್ಟೆ.

"ನನ್ನ ಮನೆಯಲ್ಲಿ ದೊಡ್ಡವಳು ನಾನು, ಯಶೋಧರ! ಅವಳಲ್ಲ. ಅವಳನ್ನು ಹೆತ್ತವಳು ನಾನು. ಹಸು ಕೊಳ್ಳಲಿಕ್ಕೆ ಹೋದದ್ದಾ ನೀವು, ಯಜಮಾನರನ್ನು ಕೇಳಲಿಕ್ಕೆ?"

ಹೆಸರಿನ ಕೊನೆಗೆ ಅಣ್ಣ ಇಲ್ಲದ್ದು ಇಬ್ಬರಿಗೂ ಕೇಳಿಸಿತು. ನಾನು ಸೇರಿಸಲು ಹೋಗಲಿಲ್ಲ. ಅಲ್ಲೇ ಫೋನ್ ತೆಗೆದು ಅಶ್ಮಿತಾಳಿಗೆ ಕಾಲ್ ಮಾಡಿ, ಸ್ಪೀಕರಿಗೆ ಹಾಕಿದೆ.

"ಅಮ್ಮಾ, ಡ್ಯೂಟಿಯಲ್ಲಿದ್ದೇನೆ. ಅರ್ಜೆಂಟಾ?"

"ಎರಡು ವರ್ಷದ ಹಿಂದೆ ಯಶೋಧರಣ್ಣ ನಿನ್ನ ಹತ್ತಿರ ಏನು ಕೇಳಿದರು?"

ಆ ಕಡೆ ಯಾವುದೋ ಯಂತ್ರ ಬೀಪ್ ಬೀಪ್ ಎನ್ನುತ್ತಿತ್ತು. ಅವಳು ನಡೆದು ದೂರ ಹೋದದ್ದು ಗೊತ್ತಾಯಿತು.

"ಅಮ್ಮಾ, ಸಾರಿ. ಆಗ ನನಗೆ ಹೆದರಿಕೆ. ಹೊಸ ಮನೆ, ಹೊಸ ಅತ್ತೆ. ಬೇಡ ಅಂದುಬಿಟ್ಟೆ."

"ನನಗೆ ಯಾಕೆ ಹೇಳಲಿಲ್ಲ?"

"ಅವರು ನಿನ್ನನ್ನೂ ಕೇಳ್ತಾರೆ ಅಂದುಕೊಂಡೆ. ಲವ್ ಮಾಡುವವರು ಒಂದು ಸಲ ಬೇಡ ಅಂದರೆ ಬಿಟ್ಟುಬಿಡ್ತಾರಾ ಅಮ್ಮಾ? ಒಂದು ವರ್ಷ ಕಾದೆ. ಅವರು ಬರಲೇ ಇಲ್ಲ. ಆಮೇಲೆ ನಿನಗೆ ಹೇಳಲಿಕ್ಕೆ ನನಗೇ ನಾಚಿಕೆ ಆಯ್ತು."

"ನಿನ್ನ ಮದುವೆಯ ಮಾತು ಬಂದಾಗ ನಾನು ಮೊದಲು ಕೇಳಿದ್ದು ನಿನ್ನನ್ನು, ಹುಡುಗನ ಜೊತೆ ಮಾತಾಡಿ ನೋಡು ಅಂತ. ನೆನಪಿರಲಿ," ಎಂದೆ. "ನಿನ್ನನ್ನು ಆಮೇಲೆ ನೋಡಿಕೊಳ್ತೇನೆ." ಫೋನ್ ಇಟ್ಟೆ.

ಯಶೋಧರ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗಂಡಸರು ಹಾಗೆ ಅತ್ತರೆ ನನ್ನ ಸಿಟ್ಟು ಇಳಿಯುವುದಿಲ್ಲ, ಏರುತ್ತದೆ.

"ಅಳಬೇಡಿ. ಎರಡು ವರ್ಷ ತಿಂದು ಹಾಕಿದ್ದೀರಿ. ಎಷ್ಟು ಶುಕ್ರವಾರ ಆಯ್ತು, ಲೆಕ್ಕ ಉಂಟಾ? ನನಗೆ ಒಂದೊಂದೂ ನೆನಪುಂಟು. ಯಾವ ದಿನ ಯಾವ ಅಂಗಿ ಹಾಕಿದ್ದಿರಿ ಅಂತಲೂ ನೆನಪುಂಟು."

"ಈಗ ಕೇಳಬಹುದಾ?"

"ನನ್ನನ್ನೇನು ಕೇಳುವುದು? ಹಿಂದೆ ಐವಿಬಾಯಿ ಇದ್ದಾರೆ, ಅವರನ್ನು ಕೇಳಿ!"

"ನನ್ನ ಒಪ್ಪಿಗೆ ಉಂಟು!" ಹಿಂದಿನಿಂದ ಐವಿಬಾಯಿ ಕೂಗಿದರು.

ಅವರು ಆ ಕಡೆ ತಿರುಗಲಿಲ್ಲ. ನನ್ನ ಎದುರಿಗೆ ಬಂದು ನಿಂತರು. ಕನ್ನಡಿ ಇಲ್ಲದೆ ಅವರು ನನ್ನನ್ನು ಹಾಗೆ ನೇರ ನೋಡಿದ್ದು ಅದೇ ಮೊದಲು. ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ ಉಂಟೆಂದು ಆರು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ.

"ಹರಿಣಾಕ್ಷಿ, ಕಟಪಾಡಿಯಲ್ಲಿ ಎರಡು ಕೋಣೆಯ ಮನೆ ಉಂಟು. ಒಬ್ಬನೇ ಇರಲಿಕ್ಕೆ ನನ್ನಿಂದ ಆಗುವುದಿಲ್ಲ. ನೀವು ಬರ್ತೀರಾ?"

"ಎಷ್ಟು ಸಲ ಕೇಳ್ತೀರಿ?"

"ನೀವು ಹೂಂ ಅನ್ನುವವರೆಗೆ."

"ಹಾಗಾದರೆ ಇನ್ನೊಂದು ಸಲ ಕೇಳಿ."

ಕೇಳಿದರು. ಮತ್ತೂ ಒಂದು ಸಲ ಕೇಳಿದರು. ಮೂರನೆಯ ಸಲ ನಾನು ಹೂಂ ಎಂದೆ.

ಅವರು ಕೈ ಚಾಚಿ ನನ್ನ ಕೈ ಹಿಡಿದರು. ಸ್ಟಿಯರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಅಂಗೈ.

"ಸಿಟ್ಟು ಹೋಯ್ತಾ?"

"ಎಲ್ಲಿಂದ ಹೋಗುವುದು? ಗುರುವಾರ ನಿಮ್ಮ ಟಿಕೆಟ್ಟು. ಬೈಯಲಿಕ್ಕೆ ಆರು ದಿನ ಸಾಲುವುದಿಲ್ಲ. ಜೂನಿನಲ್ಲಿ ಶಾಲೆ ಮುಗೀತದೆ, ರಾಜೀನಾಮೆ ಕೊಟ್ಟು ಬರ್ತೇನೆ. ಮಂಗಳೂರು ಏರ್‌ಪೋರ್ಟಿಗೆ ಬನ್ನಿ. ಉಳಿದದ್ದನ್ನು ಅಲ್ಲಿಂದ ಶುರು ಮಾಡ್ತೇನೆ."

ಅವರು ನಕ್ಕರು. ನಾನು ನಗಲಿಲ್ಲ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.